ಚಿಂದಿ ಬಟ್ಟೆಯ ಬುಟ್ಟಿ ನೆಟ್ಟಗೆ ನಿಲ್ಲೋದು ಹೇಗೆ?

ಅಹಮದಾಬಾದ್, ವಡೋದರಾ, ಸೂರತ್ ಅಂತ ಬಾಡಿಗೆ ಮನೆ ಬದಲಿಸೋ ನಮಗೆ ಪ್ಲಾಸ್ಟಿಕ್ ಡಬ್ಬ ಸಾಗಿಸೋದೇ ತಲೆನೋವು. ಬಟ್ಟೆ ಬುಟ್ಟಿಯಾದರೆ ಮಡಚಿ ಸೂಟ್‌ಕೇಸಿಗೆ ಹಾಕಬಹುದು.

ಮೊದಲು ಬಟ್ಟೆ ಗುರುತಿಸಿ. ಸೂರತ್ತಿನ ಸೀರೆಗಳು ಹೆಚ್ಚಾಗಿ ಪಾಲಿಯೆಸ್ಟರ್. ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ. ಅದಕ್ಕೆ ಬಿಸಿ ಇಸ್ತ್ರಿ ಬೇಡ. ಕಸಕ್ಕೆ ಹೋದರೆ ಅದು ಬೇಗ ಕೊಳೆಯೋದೂ ಇಲ್ಲ, ಹಾಗಾಗಿ ಬುಟ್ಟಿಯ ಹೊರಪದರಕ್ಕೆ ಇಟ್ಕೊಳ್ಳಿ.

ಬುಟ್ಟಿಯನ್ನು ನಿಲ್ಲಿಸೋದು ಒಳಗಿನ ಪದರಗಳು. ಉತ್ತರ ಕರ್ನಾಟಕದ ಕೌದಿಯ ಉಪಾಯವೇ ಇಲ್ಲೂ: ಹಳೆ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ ಒತ್ತೊತ್ತಾಗಿ ಸಾಲು ಹೊಲಿಗೆ ಹಾಕಿದರೆ ಪದರ ಜಾರಲ್ಲ, ಬಟ್ಟೆ ಬಿಗಿಯಾಗುತ್ತೆ. ನಡುವೆ ಹಳೆ ಜೀನ್ಸ್ ಇದ್ದರೆ ಇನ್ನೂ ಗಟ್ಟಿ. ಮಷಿನ್ನಿಗೆ 16ನೇ ನಂಬರ್ ಸೂಜಿ ಹಾಕಿ. ಹೊಲಿದಾಗ ಬಟ್ಟೆ ಸ್ವಲ್ಪ ಕುಗ್ಗುತ್ತೆ, ಅಳತೆಗೆ ಕತ್ತರಿಸೋದು ಆಮೇಲೆ.

ಈಗ ಲೆಕ್ಕ. 36 ಸೆಂ.ಮೀ. ಅಗಲ, 24 ಸೆಂ.ಮೀ. ಎತ್ತರದ ಎರಡು ತುಂಡು. ಪ್ರತಿಯೊಂದರ ಕೆಳಗಿನ ಎರಡೂ ಮೂಲೆಯಲ್ಲಿ 7 ಸೆಂ.ಮೀ. ಚೌಕ ಕತ್ತರಿಸಿ. ಹೊರಬದಿಗಳನ್ನು ಎದುರುಬದುರು ಇಟ್ಟು, ಅಂಚಿನಿಂದ 1 ಸೆಂ.ಮೀ. ಬಿಟ್ಟು ಪಕ್ಕಗಳನ್ನೂ ತಳವನ್ನೂ ಹೊಲಿಯಿರಿ. ನಂತರ ಪಕ್ಕದ ಹೊಲಿಗೆಯನ್ನು ತಳದ ಹೊಲಿಗೆಗೆ ಕೂಡಿಸಿ, ತೆರೆದ ಮೂಲೆಯನ್ನೂ ಅಷ್ಟೇ ಅಂಚು ಬಿಟ್ಟು ಹೊಲಿಯಿರಿ. ತಿರುಗಿಸಿ, ಬಾಯಿ ಮಡಚಿ ಹೊಲಿದರೆ 20×14 ತಳ, ಸುಮಾರು 15 ಎತ್ತರದ ಬುಟ್ಟಿ ರೆಡಿ.

ಸೂತ್ರ ಇಷ್ಟೇ: ತಳದ ಅಗಲ ಅಂದ್ರೆ ಕತ್ತರಿಸಿದ ಚೌಕದ ಎರಡರಷ್ಟು. ಮುಂದಿನ ಮನೆಯ ಕಪಾಟು ಎಷ್ಟೇ ಇರಲಿ, ಅದರ ಅಳತೆಗೇ ಹೊಲಿಬಹುದು.