ಹಿತವಚನದ ವೇಷದಲ್ಲಿ ಅಪಾಯ

ಮೂಗಿನಲ್ಲಿ ಎರಡು ಹನಿ ನಿಂಬೆರಸ ಬಿಟ್ಟುಕೊಂಡರೆ ಕೋವಿಡ್ ತೊಲಗುವುದೆಂಬ ವಾರ್ತೆಯು 2021ರ ಎರಡನೆಯ ಅಲೆಯ ಕಾಲದಲ್ಲಿ ನಮ್ಮ ನಾಡಿನ ಮೊಬೈಲುಗಳಲ್ಲೆಲ್ಲ ಸಂಚರಿಸಿತು. ಅದು ನಿರಾಧಾರವೆಂದು ಕೇಂದ್ರ ಸರ್ಕಾರದ ವಾರ್ತಾ ಶಾಖೆಯು ಸಾರಿತಾದರೂ, ವಾರ್ತೆಯು ಆ ವೇಳೆಗಾಗಲೇ ಮನೆಮನೆಯನ್ನು ಹೊಕ್ಕಿತ್ತು. ಇಂತಹ ಮಾತುಗಳನ್ನು ಜನರು ಏತಕ್ಕಾಗಿ ಹರಡುವರು?

ಇದು ಅಜ್ಞಾನಿಗಳ ಕೆಲಸವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಾವು ಅದನ್ನು ಒಪ್ಪಲಾರೆವು. ಲಾಭಕ್ಕಾಗಿ ಸುಳ್ಳನ್ನು ಹುಟ್ಟಿಸುವವರು ಉಂಟು. ಆದರೆ ಅದನ್ನು ಹೊತ್ತು ತಿರುಗುವವರಲ್ಲಿ ಹಿತೈಷಿಗಳೂ ವಿದ್ಯಾವಂತರೂ ಸೇರಿರುವರು. ಮನೆಯಲ್ಲಿ ಜ್ವರ, ಆಸ್ಪತ್ರೆಯಲ್ಲಿ ಸ್ಥಳವಿಲ್ಲ. ಏನನ್ನಾದರೂ ಮಾಡಬೇಕೆಂಬ ತವಕ. ಅಣ್ಣನಿಗೂ ಅತ್ತೆಗೂ ಒಂದು ಸಂದೇಶವನ್ನು ಕಳುಹಿಸಿದರೆ ಕರ್ತವ್ಯ ಮಾಡಿದ ಸಮಾಧಾನ. ನಿಜವಾದರೆ ಉಪಕಾರ, ಸುಳ್ಳಾದರೆ ನಷ್ಟವೇನು ಎಂಬುದು ಅವರ ಲೆಕ್ಕ. ಪಡೆದವರಾದರೋ ಮಾತನ್ನು ಪರೀಕ್ಷಿಸುವುದಿಲ್ಲ, ಕಳುಹಿಸಿದವರನ್ನು ನಂಬುವರು.

ಈ ಲೆಕ್ಕವು ಶುದ್ಧ ತಪ್ಪು. 2017ರ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡು ಮುಂತಾದೆಡೆ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನವು ಆರಂಭವಾದಾಗ, ವಾಟ್ಸಾಪಿನ ವದಂತಿಗೆ ಹೆದರಿ ಅನೇಕ ತಾಯ್ತಂದೆಗಳು ಮಕ್ಕಳಿಗೆ ಲಸಿಕೆ ಹಾಕಿಸಲು ಹಿಂಜರಿದರು. 2020ರಲ್ಲಿ ಇರಾನ್ ದೇಶದಲ್ಲಿ ಮದ್ಯವು ಕೋವಿಡನ್ನು ತಡೆಯುವುದೆಂಬ ಮಾತು ಹಬ್ಬಲು, ವಿಷವಾದ ಮೆಥನಾಲನ್ನು ಕುಡಿದು ನೂರಾರು ಮಂದಿ ಮಡಿದರು.

ಪರಿಹಾರವೇನು? ಅದೇ ವರ್ಷ ಅಮೆರಿಕೆಯಲ್ಲಿ ನಡೆದ ಒಂದು ಸಂಶೋಧನೆಯು ದಾರಿ ತೋರಿಸುತ್ತದೆ. ಕೋವಿಡ್ ವಾರ್ತೆಗಳಲ್ಲಿ ನಿಜವಾವುದೆಂದು ಕೇಳಿದಾಗ ಜನರು ತೋರಿದ ವಿವೇಚನೆಯು, ಯಾವುದನ್ನು ಹಂಚುವಿರೆಂದು ಕೇಳಿದಾಗ ಕುಗ್ಗಿತು. ಮೊದಲು ಒಂದೇ ಒಂದು ಶೀರ್ಷಿಕೆಯ ಸತ್ಯಾಸತ್ಯವನ್ನು ತೂಗಿಸಿದರೆ ಆ ವಿವೇಚನೆಯು ಮರಳಿ ಎಚ್ಚೆತ್ತಿತು. ವಾಟ್ಸಾಪ್ ಕೂಡ 2020ರ ಏಪ್ರಿಲ್‌ನಲ್ಲಿ, ಅನೇಕ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರವೇ ಕಳುಹಿಸಬಹುದೆಂದು ಕಟ್ಟುಮಾಡಿತು. ಅಂತಹ ಸಂದೇಶಗಳು ಶೇಕಡಾ 70ರಷ್ಟು ಇಳಿದುವೆಂದು ಆ ಸಂಸ್ಥೆಯೇ ತಿಳಿಸಿತು. ಕ್ಷಣಕಾಲದ ತಡೆಯೂ ನಿರರ್ಥಕವಲ್ಲ.

ಅಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ವದಂತಿಯು ಊರು ಸುತ್ತುವುದಕ್ಕೆ ಮೊದಲೇ ತಿಳಿಗನ್ನಡದಲ್ಲಿ ನಿಜವನ್ನು ಹೇಳಿರಿ, ಶಂಕಿಸಿದವರನ್ನು ಹಳಿಯದಿರಿ. ಓದುಬರಹ ಬಲ್ಲ ನಾವೆಲ್ಲರೂ ನೆನಪಿಡತಕ್ಕ ಮಾತು ಇನ್ನೊಂದುಂಟು. ನಾವು ಕಳುಹಿಸಿದ ಸಂದೇಶಕ್ಕೆ ನಮ್ಮ ಹೆಸರೇ ಮುದ್ರೆ. ಇತರರು ಔಷಧವನ್ನು ನುಂಗುವುದು ಆ ಮುದ್ರೆಯನ್ನು ನೋಡಿ.