ಸೂಜಿಯ ಬೆನ್ನಿಗೆ ಹುಟ್ಟುವ ಕುಣಿಕೆ

ಕೈಹೊಲಿಗೆಯ ಸೂಜಿಗೆ ಕಣ್ಣು ಹಿಂತುದಿಯಲ್ಲಿ. ಯಂತ್ರದ ಸೂಜಿಗೆ ಕಣ್ಣು ಮೊನೆಯ ಪಕ್ಕದಲ್ಲೇ. ಕೈಯಲ್ಲಿ ಹೊಲಿಯುವಾಗ ಸೂಜಿ ಪೂರ್ತಿಯಾಗಿ ಬಟ್ಟೆಯ ಆಚೆ ಹೋಗಿ, ತಿರುಗಿ ಈಚೆ ಬರುತ್ತದೆ, ದಾರವನ್ನೂ ಜೊತೆಗೆ ಎಳೆದು ತರುತ್ತದೆ. ಯಂತ್ರ ಹಾಗೆ ಸೂಜಿಯನ್ನು ಬಿಟ್ಟು ಹಿಡಿಯಲಾರದು. ಗಟ್ಟಿಯಾಗಿ ಕಚ್ಚಿಕೊಂಡೇ ಮೊನೆಯನ್ನು ಬಟ್ಟೆಯೊಳಗೆ ಇಳಿಸಿ, ಅದೇ ತೂತಿನಿಂದ ಮೇಲೆತ್ತಬೇಕು. ಇಳಿದ ದಾರ ಸೂಜಿಯ ಜೊತೆ ಹಾಗೆಯೇ ವಾಪಸು ಬಂದುಬಿಡಬೇಕಲ್ಲ, ಯಾಕೆ ಬರುವುದಿಲ್ಲ?

ಮನೆಯಲ್ಲೇ ಷರ್ಟ್ ಜಾಕೆಟ್ ಹೊಲಿಯಲು ಹೊರಟವರಿಗೆ ಈ ಪ್ರಶ್ನೆಯ ಉತ್ತರ ಗೊತ್ತಿರಲೇಬೇಕು. ಷರ್ಟಿನ ಹಾಗೆ ಕಾಲರು, ಕಫ್, ಗುಂಡಿಪಟ್ಟಿ. ಜಾಕೆಟಿನ ಹಾಗೆ ದಪ್ಪ ಬಟ್ಟೆ, ಮೇಲಿಟ್ಟು ಹೊಲಿದ ದೊಡ್ಡ ಜೇಬುಗಳು. ಒಬ್ಬಿಬ್ಬರೇ ನಡೆಸುವ ಸಣ್ಣ ವಿನ್ಯಾಸ ಸಂಸ್ಥೆಗಳು ಇಂಥ ಉಡುಪಿನ ಪ್ಯಾಟರ್ನ್‌ಗಳನ್ನು ಪಿಡಿಎಫ್ ರೂಪದಲ್ಲಿ ಮಾರುತ್ತವೆ. ಕ್ಯಾಲಿಫೋರ್ನಿಯಾದ ಫ್ರೈಡೇ ಪ್ಯಾಟರ್ನ್ ಕಂಪನಿಯ ಇಲ್ಫರ್ಡ್ ಜಾಕೆಟ್ ಅಂಥದ್ದೊಂದು, ಹೆಣ್ಣು ಗಂಡು ಇಬ್ಬರಿಗೂ ಆಗುವಂಥದ್ದು. ಎ4 ಹಾಳೆಗಳಲ್ಲಿ ಮುದ್ರಿಸಿ, ಅಂಚಿಗೆ ಅಂಚು ಅಂಟಿಸಿ, ನಿಮ್ಮ ಅಳತೆಯ ಗೆರೆಯ ಮೇಲೆ ಕತ್ತರಿಸಿದರೆ ಆಯಿತು. ಅಲ್ಲಿಯವರೆಗೆ ಎಲ್ಲ ಸಲೀಸು. ಡ್ರಿಲ್ ಅಥವಾ ಡೆನಿಮ್ ಬಟ್ಟೆಯನ್ನು ಯಂತ್ರಕ್ಕೆ ಕೊಟ್ಟಾಗ ಸೂಜಿ ಮುರಿಯುತ್ತದೆ, ನಡುನಡುವೆ ಹೊಲಿಗೆ ಬೀಳುವುದೇ ಇಲ್ಲ, ಕೆಳಗೆ ದಾರ ಗಂಟುಕಟ್ಟುತ್ತದೆ. ತಮಗೆ ಕೈ ಕೂಡಿಬರಲಿಲ್ಲ ಎಂದುಕೊಂಡು ಅರ್ಧ ಹೊಲಿದದ್ದನ್ನು ಎತ್ತಿಟ್ಟವರು ಬಹಳ ಮಂದಿ. ಈ ತೊಂದರೆಗಳಲ್ಲಿ ಹೆಚ್ಚಿನವಕ್ಕೂ ಕೈಗೂ ಸಂಬಂಧವೇ ಇಲ್ಲವೆಂದು ಅವರಿಗೆ ಯಾರಾದರೂ ಹೇಳಬೇಕಿತ್ತು.

ಸೂಜಿಯನ್ನು ಕಳಚಿ ಬೆಳಕಿಗೆ ಹಿಡಿದು ನೋಡಿ. ಮನೆಯ ಯಂತ್ರದ ಸೂಜಿಯ ಬುಡ ಒಂದು ಬದಿಗೆ ಚಪ್ಪಟೆಯಾಗಿರುತ್ತದೆ. ಅದರ ಎದುರು ಬದಿಯಲ್ಲಿ ಮೇಲಿನಿಂದ ಕಣ್ಣಿನವರೆಗೆ ಉದ್ದಕ್ಕೂ ಒಂದು ಕಾಲುವೆ ಕೊರೆದಿದೆ. ಚಪ್ಪಟೆ ಬದಿಯಲ್ಲಿ ಆ ಕಾಲುವೆಯಿಲ್ಲ. ಕಣ್ಣಿನ ತುಸು ಮೇಲೆ ಒಂದು ಚಿಕ್ಕ ತಗ್ಗು ಮಾತ್ರ ಇದೆ, ಉಗುರು ಆಡಿಸಿದರೆ ಸಿಗುತ್ತದೆ. ಸೂಜಿ ಬಟ್ಟೆಯನ್ನು ದಾಟಿ ತೀರಾ ಕೆಳಗಿಳಿದು, ಮತ್ತೆ ಸುಮಾರು 2 ಮಿಲಿಮೀಟರ್ ಮೇಲೇರುವ ಗಳಿಗೆಯನ್ನು ಊಹಿಸಿಕೊಳ್ಳಿ. ಕಾಲುವೆಯ ಬದಿಯ ದಾರ ಅಡ್ಡಿಯಿಲ್ಲದೆ ಜಾರುತ್ತದೆ. ಇನ್ನೊಂದು ಬದಿಯ ದಾರಕ್ಕೆ ಅಡಗಲು ಜಾಗವಿಲ್ಲ. ಸೂಜಿಗೂ ಬಟ್ಟೆಗೂ ನಡುವೆ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ. ಸೂಜಿ ಮೇಲೇರುತ್ತಿದೆ, ದಾರ ಏರಲೊಲ್ಲದು, ಹೆಚ್ಚಾದ ದಾರ ಪಕ್ಕಕ್ಕೆ ಉಬ್ಬುತ್ತದೆ. ಸೂಜಿಯ ಬೆನ್ನಿಗೆ ಒಂದು ಪುಟ್ಟ ಕುಣಿಕೆ ಹುಟ್ಟುತ್ತದೆ. ಇಡೀ ಹೊಲಿಗೆ ಯಂತ್ರ ಇರುವುದೇ ಈ ಕುಣಿಕೆಗಾಗಿ ಎಂದರೆ ತಪ್ಪಿಲ್ಲ.

ಸರಿಯಾಗಿ ಆ ಹೊತ್ತಿಗೆ ಕೆಳಗಿನ ಕೊಕ್ಕೆಯ ಮೊನೆ ಬಂದು, ಸೂಜಿಯ ತಗ್ಗಿನ ಮುಂದೆ ಹಾದು ಕುಣಿಕೆಯೊಳಗೆ ತೂರುತ್ತದೆ. ಕೊಕ್ಕೆಗೂ ಸೂಜಿಗೂ ಇರಬೇಕಾದ ಅಂತರ ಮಿಲಿಮೀಟರಿನ ಹತ್ತನೇ ಒಂದರಷ್ಟು. ಕೊಕ್ಕೆ ಕುಣಿಕೆಯನ್ನು ಹಿಗ್ಗಿಸಿ, ಕೆಳದಾರದ ಉರುಳೆಯಾದ ಬಾಬಿನ್ನಿನ ಸುತ್ತ ದಾಟಿಸುತ್ತದೆ. ಬಾಬಿನ್ ಯಂತ್ರದೊಳಗೆ ಕೂತಿರುವಾಗ ದಾರ ಅದನ್ನು ಬಳಸಿ ಹೋಗುವುದು ಹೇಗೆಂದು ಎಷ್ಟೋ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಬಾಬಿನ್ನನ್ನಾಗಲಿ ಅದರ ಕೇಸನ್ನಾಗಲಿ ಯಂತ್ರಕ್ಕೆ ಎಲ್ಲೂ ಬಿಗಿದಿಲ್ಲ. ಸುತ್ತಲೂ ದಾರ ನುಸುಳುವಷ್ಟು ಸಂದು ಬಿಟ್ಟು ಸಡಿಲವಾಗಿ ಕೂರಿಸಿದ್ದಾರೆ. ನನ್ನ ಲೆಕ್ಕದಲ್ಲಿ ಯಂತ್ರದ ಅತಿ ಸುಂದರ ಉಪಾಯ ಇದೇ. ಬಳಿಕ ಮೇಲಿನ ಸನ್ನೆ ದಾರವನ್ನು ಎಳೆದುಕೊಳ್ಳುತ್ತದೆ, ಎರಡು ದಾರಗಳ ತೊಡಕು ಬಟ್ಟೆಯ ದಪ್ಪದ ನಡುವೆ ಹೋಗಿ ಅಡಗುತ್ತದೆ.

ಎರಡು ದಾರ ಯಾಕೆ ಬೇಕೆಂದು ತಿಳಿಯಲು ಅಕ್ಕಿ ಮೂಟೆ ಬಿಚ್ಚಿದರೆ ಸಾಕು. ಸರಿಯಾದ ತುದಿ ಹಿಡಿದೆಳೆದರೆ ಬಾಯಿಯ ಹೊಲಿಗೆಯೆಲ್ಲ ಸರಸರ ಬಿಚ್ಚಿಕೊಳ್ಳುತ್ತದೆ. ಅದು ಒಂದೇ ದಾರದ ಸರಪಳಿ ಹೊಲಿಗೆ. ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೆ 1830ರಲ್ಲಿ ಪೇಟೆಂಟ್ ಪಡೆದ ಯಂತ್ರ ಹಾಕುತ್ತಿದ್ದದ್ದು ಅದನ್ನೇ. ಅವನ ಯಂತ್ರಗಳು ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ಪ್ಯಾರಿಸ್ಸಿನ ಕಾರ್ಖಾನೆಯನ್ನು, ಅನ್ನ ಹೋಗುತ್ತದೆಂದು ಹೆದರಿದ ದರ್ಜಿಗಳು ಮರುವರ್ಷವೇ ಪುಡಿಗಟ್ಟಿದರು. ಮೊನೆಗಣ್ಣಿನ ಸೂಜಿ ಮತ್ತು ಕೆಳದಾರದ ಲಾಳಿಯನ್ನು ಕೂಡಿಸಿದ ಅಮೆರಿಕದ ಎಲಿಯಾಸ್ ಹೋವನ ಪೇಟೆಂಟಿನ ವರ್ಷ 1846. ಆದರೆ ಹೋವನ ಯಂತ್ರದಲ್ಲಿ ಬಟ್ಟೆಯನ್ನು ಒಂದು ಲೋಹದ ಪಟ್ಟಿಗೆ ಚುಚ್ಚಿ ನಿಲ್ಲಿಸಬೇಕಿತ್ತು. ಪಟ್ಟಿ ಮುಗಿದರೆ ಹೊಲಿಗೆಯೂ ನಿಂತಿತು. ಕೆಳಗಿನಿಂದ ಹಲ್ಲುಗಳು ಎದ್ದು, ಬಟ್ಟೆಯನ್ನು ಹಿಂದಕ್ಕೆ ತಳ್ಳಿ, ಇಳಿದು, ಮುಂದೆ ಬರುವ ಏರ್ಪಾಟಿಗೆ ಅಲೆನ್ ವಿಲ್ಸನ್ 1854ರಲ್ಲಿ ಪೇಟೆಂಟ್ ಪಡೆದ. ಇವತ್ತಿನ ಯಂತ್ರಗಳಲ್ಲೂ ಇರುವುದು ಅದೇ ಹಲ್ಲು.

ಇನ್ನು ಜಾಕೆಟ್. 11 ಅಥವಾ 14 ನಂಬರಿನ ಸೂಜಿ ದಪ್ಪ ಬಟ್ಟೆಯಲ್ಲಿ ತುಸು ಬಾಗುತ್ತದೆ. ಬಾಗಿದರೆ ಕುಣಿಕೆ ಕೊಕ್ಕೆಗೆ ಸಿಗದು, ಹೊಲಿಗೆ ತಪ್ಪುತ್ತದೆ; ಇನ್ನೂ ಬಾಗಿದರೆ ಮೊನೆ ಬಟ್ಟೆಯ ಕೆಳಗಿನ ಲೋಹದ ತಟ್ಟೆಗೆ ಬಡಿದು ಮುರಿಯುತ್ತದೆ. 16 ನಂಬರ್ ಹಾಕಿ. ಪೊಟ್ಟಣದ ಮೇಲೆ 100/16 ಎಂದಿರುತ್ತದೆ, 100 ಅಂದರೆ ಸೂಜಿಯ ದಪ್ಪ 1 ಮಿಲಿಮೀಟರ್. ಕೆಳಗೆ ದಾರ ಗೂಡುಕಟ್ಟಿದರೆ ಎಲ್ಲರೂ ಬಾಬಿನ್ನನ್ನು ದೂರುತ್ತಾರೆ, ತಪ್ಪು ಬಹುಪಾಲು ಮೇಲ್ದಾರದ್ದು. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವನ್ನು ಎತ್ತಿದಾಗ ಮಾತ್ರ, ಮೇಲ್ದಾರವನ್ನು ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳು ಬಾಯಿ ಬಿಡುತ್ತವೆ. ಪಾದ ಇಳಿಸಿಟ್ಟೇ ದಾರ ಪೋಣಿಸಿದರೆ ಅದು ಬಿಲ್ಲೆಗಳ ನಡುವೆ ಕೂರುವುದಿಲ್ಲ, ಹಿಡಿತವಿಲ್ಲದೆ ಕೆಳಗೆ ಸುರಿಯುತ್ತದೆ.

ನಿಜವಾದ ಪರೀಕ್ಷೆ ಕಂಕುಳಲ್ಲಿ. ಜೀನ್ಸಿನ ಕಾಲಿನಲ್ಲಿ ಇರುವಂತೆ ಅಂಚನ್ನು ಒಳಗೆ ಮಡಚಿ ಹಾಕುವ ಜೋಡು ಹೊಲಿಗೆ ಇಂಥ ಜಾಕೆಟಿಗೆ ಒಪ್ಪುತ್ತದೆ, ಆದರೆ ಅದರಲ್ಲಿ ನಾಲ್ಕು ಪದರ ಬಟ್ಟೆ ಇರುತ್ತದೆ. ತೋಳಿನ ಹೊಲಿಗೆಯೂ ಪಕ್ಕದ ಹೊಲಿಗೆಯೂ ಒಂದನ್ನೊಂದು ಅಡ್ಡ ಹಾಯುವಲ್ಲಿ ನಾಲ್ಕು ನಾಲ್ಕಲೆ ಹದಿನಾರು ಪದರ. ಅರ್ಧ ಮಿಲಿಮೀಟರ್ ದಪ್ಪದ ಬಟ್ಟೆಯಾದರೂ 8 ಮಿಲಿಮೀಟರ್ ದಿಬ್ಬ. ದಿಬ್ಬ ಹತ್ತುವಾಗ ಪಾದದ ಮೂತಿ ಮೇಲಕ್ಕೇಳುತ್ತದೆ, ಹಲ್ಲಿಗೂ ಪಾದಕ್ಕೂ ನಡುವೆ ಬಟ್ಟೆಯ ಹಿಡಿತ ತಪ್ಪುತ್ತದೆ, ಹೊಲಿಗೆ ಒಂದೇ ಕಡೆ ಕುಟ್ಟುತ್ತದೆ. ಅದಕ್ಕಿಂತ ಕೆಟ್ಟದ್ದು, ಸೂಜಿ ಏರುವಾಗ ಒತ್ತಿ ಹಿಡಿಯುವವರಿಲ್ಲದ ಬಟ್ಟೆಯೂ ಜೊತೆಗೇ ಏಳುತ್ತದೆ. ಬಟ್ಟೆ ಎದ್ದರೆ ದಾರ ತಡೆದು ನಿಲ್ಲುವುದಿಲ್ಲ, ದಾರ ನಿಲ್ಲದಿದ್ದರೆ ಕುಣಿಕೆಯಿಲ್ಲ. ಹೊಲಿಯುವ ಮುನ್ನ ಆ ಜಾಗವನ್ನು ಇಸ್ತ್ರಿ ಮಾಡಿ, ಬಟ್ಟೆಯ ತುಂಡೊಂದನ್ನು ಮೇಲಿಟ್ಟು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ. ಪಾದದ ಹಿಂಬದಿಗೆ ಮಡಚಿದ ಬಟ್ಟೆ ಅಥವಾ ರಟ್ಟು ತುರುಕಿದರೆ ಪಾದ ಮಟ್ಟಸವಾಗುತ್ತದೆ. ಮೋಟಾರು ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ದಿಬ್ಬ ದಾಟಿಸಿ. ಅಷ್ಟಾದರೂ ಯಂತ್ರ ತಿಣುಕಿದರೆ ಪಕ್ಕದ ಹೊಲಿಗೆಯನ್ನು ಸಾದಾ ಹೊಲಿದು ಅಂಚು ಓವರ್‌ಲಾಕ್ ಮಾಡಿಸಿಬಿಡಿ.

ಹಲ್ಲು ತಳ್ಳುವುದು ಕೆಳಪದರವನ್ನು. ಮೇಲ್ಪದರ ಪಾದಕ್ಕೆ ಉಜ್ಜಿಕೊಂಡು ಹಿಂದೆ ಬೀಳುತ್ತದೆ. ಉದ್ದ ಹೊಲಿಗೆಯ ಕೊನೆಗೆ ಮೇಲಿನ ತುಂಡು ಒಂದಿಷ್ಟು ಮಿಕ್ಕಿರುವುದು ಇದರಿಂದಲೇ. ಪ್ಯಾಟರ್ನಿನ ಅಂಚಿನಲ್ಲಿ ಗುರುತು ಹಾಕಿದ ಕಚ್ಚುಗಳನ್ನು ಸೋಮಾರಿತನದಿಂದ ಬಿಟ್ಟುಬಿಡಬೇಡಿ. ಕಚ್ಚಿಗೆ ಕಚ್ಚು ಕೂಡಿಸಿ ಪಿನ್ ಹಾಕಿದರೆ ಪದರ ಜಾರಿದ್ದು ಅಲ್ಲಲ್ಲೇ ತಿಳಿಯುತ್ತದೆ. ಒಂದು ತುಂಡು ಕೊಂಚ ಉದ್ದವಿದ್ದರೆ ಅದನ್ನೇ ಕೆಳಗಿಡಿ, ಹೆಚ್ಚುವರಿಯನ್ನು ಹಲ್ಲು ತಿಂದುಕೊಳ್ಳುತ್ತದೆ.

ಮನೆಯಲ್ಲಿ ಅಮ್ಮನ ಕಾಲದ ಕಪ್ಪು ಕಬ್ಬಿಣದ ಯಂತ್ರವಿದ್ದರೆ ಈ ಕೆಲಸಕ್ಕೆ ಅದನ್ನೇ ಹೊರತೆಗೆಯಿರಿ. ಅಂಕುಡೊಂಕು ಹೊಲಿಗೆಯ ಹೊಸ ಯಂತ್ರದಲ್ಲಿ ಸೂಜಿ ಅತ್ತಿತ್ತ ಓಡಾಡಲು ತಟ್ಟೆಯಲ್ಲಿ ಅಗಲ ಸೀಳಿರುತ್ತದೆ, ಬಟ್ಟೆ ಅದರೊಳಗೆ ಕುಸಿಯುತ್ತದೆ. ಹಳೆಯದರಲ್ಲಿ ಒಂದೇ ದುಂಡು ತೂತು. ಬಟ್ಟೆಗೆ ತೂತಿನ ಸುತ್ತಲೂ ಆಸರೆ, ಭಾರದ ಚಕ್ರದ ಓಟದ ಬಲ ಬೇರೆ. ಜೇಬು, ಕಾಲರಿನ ಅಂಚಿಗೆ ಎದ್ದು ಕಾಣುವ ಹೊಲಿಗೆ ಬೇಕಾದರೆ ದಪ್ಪ ದಾರವನ್ನು ಮೇಲೆ ಮಾತ್ರ ಹಾಕಿ, ಬಾಬಿನ್ನಿಗೆ ಸಾದಾ ದಾರ ಇರಲಿ. ಹೊಲಿಗೆಯ ಉದ್ದ 3.5 ಮಿಲಿಮೀಟರಿಗೆ ಏರಿಸಿ, ಟೆನ್ಷನ್ ಸ್ವಲ್ಪ ಸಡಿಲಿಸಿ, ಚೂರು ಬಟ್ಟೆಯ ಮೇಲೆ ಮೊದಲು ಓಡಿಸಿ ನೋಡಿ. ಆ ಯಂತ್ರ ಕಾಜಾ ಮಾಡಲಾರದು. ಗುಂಡಿಗಳ ಜಾಗಕ್ಕೆ ಚಾಕ್‌ನಲ್ಲಿ ಗುರುತು ಹಾಕಿ ಬೀದಿಯ ಕಾಜಾ ಅಂಗಡಿಗೆ ಕೊಡಿ. ಯಾವ ಕಡೆ ಗುಂಡಿ, ಯಾವ ಕಡೆ ಕಾಜಾ ಎಂದು ಮಾತ್ರ ಬಿಡಿಸಿ ಹೇಳಿ.