ಮನೆಯಲ್ಲಿ ಫಿಲಂ ತೊಳೆಯುವವರಿಗೆ: ಎಷ್ಟು ನಿಮಿಷ?

ಕಡಿಮೆ ವೇಗದ ಕಪ್ಪು-ಬಿಳುಪು ಫಿಲಮ್ಮಿನ ಚಿತ್ರ ಬಹು ನಯ. ಆದರೆ ಡೆವಲಪರಿನಲ್ಲಿ ಎರಡು ನಿಮಿಷ ಹೆಚ್ಚಾಯಿತೆನ್ನಿ, ಬಿಳಿ ಪಂಚೆಯ ಮಡಿಕೆಗಳೆಲ್ಲ ಅಳಿಸಿಹೋಗಿ ಸುಣ್ಣದ ಗೋಡೆಯಂತೆ ಕಾಣುತ್ತದೆ. ಹಾಗಾದರೆ ಸರಿಯಾದ ಕಾಲ ಯಾವುದು?

50ರ ವೇಗದ ಇಲ್‌ಫರ್ಡ್ ಪ್ಯಾನ್ ಎಫ್ ಪ್ಲಸ್ ಫಿಲಮ್ಮನ್ನೇ ತೆಗೆದುಕೊಳ್ಳಿ. ಐಡಿ-11 ಡೆವಲಪರಿನಲ್ಲಿ, 20 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಅದಕ್ಕೆ 6½ ನಿಮಿಷ. ಸಮಪಾಲು ನೀರು ಬೆರೆಸಿದರೆ 8½ ನಿಮಿಷ. ಇದು ತಯಾರಕರ ಲೆಕ್ಕ. ನಮ್ಮ ನಲ್ಲಿಯ ನೀರು ಅಷ್ಟು ತಣ್ಣಗಿರುವುದು ಅಪರೂಪ. ಶಾಖ ಏರಿದಂತೆ ಕಾಲ ಇಳಿಯುತ್ತದೆ. 5 ನಿಮಿಷಕ್ಕಿಂತ ಕಡಿಮೆಯಾದರೆ ಚಿತ್ರ ಒಂದೇ ಸಮನಾಗಿ ಮೂಡದಿರಬಹುದು. ಆದುದರಿಂದ ನೀರು ಬೆರೆಸಿದ ಡೆವಲಪರನ್ನೇ ಬಳಸಿ. ಅದರ ಪಾತ್ರೆಯನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು 20 ಡಿಗ್ರಿಗೆ ತಣಿಸಿ.

ಇನ್ನು ಪರೀಕ್ಷೆ. ಬಿಳಿ ಪಂಚೆ, ಕರಿ ಕಂಬಳಿ ಎರಡನ್ನೂ ಬಿಸಿಲಿನಲ್ಲಿ ಹರವಿ, ಸುರುಳಿ ಮುಗಿಯುವವರೆಗೆ ಅದೇ ಚಿತ್ರ ತೆಗೆಯಿರಿ. ಪೂರ್ಣ ಕತ್ತಲೆಯಲ್ಲಿ ಸುರುಳಿಯನ್ನು ಮೂರು ತುಂಡು ಮಾಡಿ, 7, 8½, 10 ನಿಮಿಷಗಳಂತೆ ಬೇರೆಬೇರೆಯಾಗಿ ತೊಳೆಯಿರಿ. ಮೂರನ್ನೂ ಅಚ್ಚು ಹಾಕಿ ನೋಡಿ. ಪಂಚೆಯ ಮಡಿಕೆ ಯಾವುದರಲ್ಲಿ ಸ್ಪಷ್ಟವಾಗಿ ಉಳಿದಿದೆಯೋ ಅದೇ ನಿಮ್ಮ ಕಾಲ. ಕಂಬಳಿಯ ಎಳೆ ಮೂರರಲ್ಲಿಯೂ ಕಾಣದಿದ್ದರೆ ಕ್ಯಾಮೆರಾದಲ್ಲಿ ಬೆಳಕು ಸಾಲದಾಗಿದೆ. ಎಷ್ಟು ತೊಳೆದರೂ ಆ ಕೊರತೆ ತುಂಬದು.

ಈ ಫಿಲಮ್ಮನ್ನು ತೆಗೆದ 3 ತಿಂಗಳೊಳಗೆ ತೊಳೆಯಬೇಕು, ತಡವಾದರೆ ಚಿತ್ರ ಮಾಸುತ್ತದೆ. ಮದುವೆಯ ಮುಹೂರ್ತ ಎರಡನೆಯ ಸಲ ಬರುವುದಿಲ್ಲ. ಪರೀಕ್ಷೆಯ ಸುರುಳಿಯನ್ನು ಮೊದಲು ಮುಗಿಸಿ, ಸಿಕ್ಕ ನಿಮಿಷವನ್ನು ಡೆವಲಪರಿನ ಸೀಸೆಯ ಮೇಲೆಯೇ ಬರೆದು ಅಂಟಿಸಿಡಿ.